ತಾರಸಿಯ ಆಲೂಗಡ್ಡೆಗೆ ಬೇಕಾದದ್ದು ತಂಪು

ಮೊಬೈಲ್ ತೆರೆದರೆ ಸಾಕು, ಯಾರೋ ಒಬ್ಬರು ತಾರಸಿಯ ಮೇಲೆ ಮಣ್ಣು ತುಂಬಿದ ಚೀಲವೊಂದನ್ನು ಬೋರಲು ಹಾಕುತ್ತಿರುತ್ತಾರೆ. ಒಳಗಿಂದ ಬುಟ್ಟಿಗಟ್ಟಲೆ ಆಲೂಗಡ್ಡೆ ಉರುಳುತ್ತದೆ. ಒಂದೇ ಗಡ್ಡೆಯಿಂದ ಹತ್ತು ಕಿಲೋ ಬೆಳೆಯಿರಿ ಎಂದು ಮೇಲೊಂದು ಶೀರ್ಷಿಕೆ. ನೋಡಿದವರು ಮರುದಿನವೇ ಅಡುಗೆಮನೆ ಮೂಲೆಯಲ್ಲಿ ಮೊಳಕೆ ಬಂದಿದ್ದ ಆಲೂಗಡ್ಡೆಯನ್ನು ಹುಡುಕಿ ತೆಗೆದು, ಕುಂಡಕ್ಕೆ ಸೇರಿಸುತ್ತಾರೆ. ಗಿಡ ಸೊಂಪಾಗಿ ಬರುತ್ತದೆ, ಮನೆಮಂದಿಯೆಲ್ಲ ಬಂದು ನೋಡುತ್ತಾರೆ. ಮೂರು ತಿಂಗಳ ಮೇಲೆ ಮಣ್ಣು ಕೆದಕಿದರೆ ಗೋಲಿ ಗಾತ್ರದ ನಾಲ್ಕಾರು ಗಡ್ಡೆ. ಮಣ್ಣು ಸರಿಯಿರಲಿಲ್ಲವೇ, ಗೊಬ್ಬರ ಸಾಲಲಿಲ್ಲವೇ, ಚೀಲ ಇನ್ನೂ ಆಳವಿರಬೇಕಿತ್ತೇ ಎಂದು ಚರ್ಚೆ ನಡೆಯುತ್ತದೆ. ಬಹಳಷ್ಟು ಸಲ ಕಾರಣ ಇಷ್ಟೇ: ಮಣ್ಣು ಬಿಸಿಯಾಗಿತ್ತು.

ಮೊದಲು ಆ ಹತ್ತು ಕಿಲೋ ಲೆಕ್ಕ ಮುಗಿಸಿಬಿಡೋಣ. ಹೊಲದಲ್ಲಿ ಆಲೂಗಡ್ಡೆ ಬಿತ್ತುವಾಗ ಸಾಲಿನಿಂದ ಸಾಲಿಗೆ ಸುಮಾರು 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಅಂತರ ಕೊಡುತ್ತಾರೆ. ಅಂದರೆ ಒಂದು ಹೆಕ್ಟೇರಿಗೆ 83 ಸಾವಿರ ಗಿಡ. ಹೆಕ್ಟೇರಿಗೆ 25 ಟನ್ ಬಂದರೆ ಅದು ಒಳ್ಳೆಯ ಬೆಳೆಯೇ. ಭಾಗಿಸಿ ನೋಡಿ, ಗಿಡವೊಂದಕ್ಕೆ 300 ಗ್ರಾಂ. ತಲೆಮಾರುಗಳ ಅನುಭವವಿರುವ ರೈತರಿಗೆ, ಇಡೀ ಹೊಲದ ಮಣ್ಣಿನಲ್ಲಿ, ಒಂದು ಗಿಡ ಕೊಡುವುದು ಅಷ್ಟು. ತಾರಸಿಯಲ್ಲಿ ಗಿಡಕ್ಕೆ ಜಾಗ ಹೆಚ್ಚು ಕೊಟ್ಟು, ಆರೈಕೆ ಹೆಚ್ಚು ಮಾಡಿದರೆ ಅರ್ಧ ಕಿಲೋ ಬರಬಹುದು, ಕೈ ಪಳಗಿದವರಿಗೆ ಇನ್ನಷ್ಟು. ಮೂರು ಗಿಡದ ದೊಡ್ಡ ಚೀಲದಿಂದ ಒಂದೂವರೆ ಕಿಲೋ ಬಂದರೆ ಬೀಗಬಹುದು. ಹತ್ತು ಕಿಲೋ ಬಂದರೆ ಚೀಲದೊಳಗೆ ಯಾರೋ ಮೊದಲೇ ತುಂಬಿಟ್ಟಿದ್ದಾರೆ ಎಂದು ತಿಳಿಯುವುದೇ ಸರಿ.

ಇದೇ ಸಾಲಿಗೆ ಸೇರುವ ಇನ್ನೊಂದು ನಂಬಿಕೆ ಆಲೂಗಡ್ಡೆ ಗೋಪುರದ್ದು. ಅಮೆರಿಕದ ಕೈತೋಟಗಳಿಂದ ಹೊರಟು ಈಗ ನಮ್ಮಲ್ಲೂ ಹಬ್ಬಿದೆ. ಗಿಡ ಬೆಳೆದಂತೆಲ್ಲ ಮಣ್ಣು ಸುರಿಯುತ್ತ ಹೋಗಿ, ನಾಲ್ಕಡಿ ಎತ್ತರದ ಗೋಪುರ ಕಟ್ಟಿದರೆ ಕೆಳಗಿಂದ ಮೇಲಿನವರೆಗೆ ಅಂತಸ್ತು ಅಂತಸ್ತಾಗಿ ಗಡ್ಡೆ ಬಿಡುತ್ತದೆ ಎಂಬ ಲೆಕ್ಕಾಚಾರ. ಕೇಳಲು ಚೆನ್ನಾಗಿದೆ. ಆದರೆ ಆಲೂಗಡ್ಡೆ ಬೇರಲ್ಲ, ಕಾಂಡ. ನೆಟ್ಟ ಗಡ್ಡೆಯಿಂದ ಮೇಲೆದ್ದ ಕಾಂಡದ, ಮಣ್ಣಿನೊಳಗಿರುವ ಗಿಣ್ಣುಗಳಿಂದ ಬಿಳಿಯ ಎಳೆಗಳು ಅಡ್ಡಡ್ಡ ಹರಿಯುತ್ತವೆ. ಆ ಎಳೆಗಳ ತುದಿ ಉಬ್ಬಿದ್ದೇ ನಾವು ತಿನ್ನುವ ಗಡ್ಡೆ. ಅದರ ಮೇಲಿನ 'ಕಣ್ಣು'ಗಳು ಕಾಂಡದ ಮೊಗ್ಗುಗಳೇ. ಎಳೆಗಳಲ್ಲಿ ಹೆಚ್ಚಿನವು ಹೊರಡುವುದು ಗಿಡ ಎಳೆಯದಾಗಿದ್ದಾಗ, ನೆಟ್ಟ ಗಡ್ಡೆಗೆ ಹತ್ತಿರದ ಕೆಳ ಗಿಣ್ಣುಗಳಿಂದ. ಒಮ್ಮೆ ಗಡ್ಡೆ ಕಟ್ಟಲು ಶುರುವಾಯಿತೆಂದರೆ ಗಿಡ ತನ್ನ ಬಲವನ್ನೆಲ್ಲ ಆ ಕೆಳಗಿನವಕ್ಕೇ ಹರಿಸುತ್ತದೆ. ಆಮೇಲೆ ಮೇಲೆ ಎಷ್ಟು ಮಣ್ಣು ಸುರಿದರೂ ಹೊಸ ಅಂತಸ್ತು ಏಳುವುದಿಲ್ಲ. ಬದಲಿಗೆ ಎಲೆಗಳು ಮುಚ್ಚಿಹೋಗುತ್ತವೆ. ಎಲೆ ಗಿಡದ ಅಡುಗೆಮನೆ. ಅದನ್ನೇ ಹೂತರೆ ಊಟ ಎಲ್ಲಿಂದ ಬರಬೇಕು?

ಹಾಗೆಂದು ಬುಡಕ್ಕೆ ಮಣ್ಣು ಏರಿಸುವುದು ವ್ಯರ್ಥವಲ್ಲ. ಹೊಲದಲ್ಲೂ ಏರಿಸುತ್ತಾರೆ. ಆದರೆ ಅದರ ಉದ್ದೇಶ ಬೇರೆ. ಉಬ್ಬುತ್ತಿರುವ ಗಡ್ಡೆ ಹೊರಗೆ ಇಣುಕಿ ಬೆಳಕಿಗೆ ಹಸಿರಾಗಬಾರದು, ಗಡ್ಡೆ ಪತಂಗ ಅದರ ಕಣ್ಣಿನ ಹತ್ತಿರ ಮೊಟ್ಟೆ ಇಡಬಾರದು, ಗಡ್ಡೆಯಿರುವ ಜಾಗ ತಂಪಾಗಿರಬೇಕು. ಅದಕ್ಕೆ ನಾಲ್ಕು ಬೆರಳು ಮಣ್ಣು ಒಮ್ಮೆ, ಹೆಚ್ಚೆಂದರೆ ಎರಡು ಸಲ ಏರಿಸಿದರೆ ಸಾಕು. ಒಂದಡಿ, ಒಂದೂಕಾಲು ಅಡಿ ಆಳದ ಪಾತ್ರೆ ಧಾರಾಳವಾಯಿತು.

ತಂಪಿನ ವಿಷಯಕ್ಕೆ ಬಂದೆವು. ಇದು ಆಂಡೀಸ್ ಪರ್ವತದ ಬೆಳೆ. ದಕ್ಷಿಣ ಅಮೆರಿಕದ ಟಿಟಿಕಾಕಾ ಸರೋವರದ ಸುತ್ತಲಿನ ಎತ್ತರದ ನಾಡಿನಲ್ಲಿ ಸಾವಿರಾರು ವರ್ಷಗಳ ಹಿಂದೆ ಜನ ಇದನ್ನು ಒಗ್ಗಿಸಿಕೊಂಡರು. ಅಲ್ಲಿ ಹಗಲು ಬಿಸಿಲು, ರಾತ್ರಿ ಕೊರೆಯುವ ಚಳಿ. ಊರು ಬಿಟ್ಟು ಪ್ರಪಂಚ ಸುತ್ತಿದರೂ ಆ ಅಭ್ಯಾಸ ಅದರಿಂದ ಪೂರ್ತಿ ಹೋಗಿಲ್ಲ. ಎಲೆ, ಕಾಂಡ 25 ಡಿಗ್ರಿಯಲ್ಲೂ ಹುಲುಸಾಗಿ ಬೆಳೆಯುತ್ತವೆ. ಗಡ್ಡೆ ಕಟ್ಟಲು ಮಾತ್ರ ರಾತ್ರಿ 20 ಡಿಗ್ರಿಗಿಂತ ಕೆಳಗಿಳಿಯಬೇಕು. ಮಣ್ಣಿನ ಬಿಸಿ 30ರ ಹತ್ತಿರ ಹೋದರೆ ಗಡ್ಡೆ ಕಟ್ಟುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಇದರ ಒಳಗುಟ್ಟು ಸ್ವಾರಸ್ಯವಾಗಿದೆ. ಗಡ್ಡೆ ಕಟ್ಟು ಎಂಬ ಸೂಚನೆ ಹುಟ್ಟುವುದು ಮಣ್ಣಿನಲ್ಲಲ್ಲ, ಎಲೆಯಲ್ಲಿ. ಎಲೆಯಲ್ಲಿ ತಯಾರಾದ ಒಂದು ಪ್ರೋಟೀನು ಕಾಂಡದೊಳಗಿಂದ ಇಳಿದು ಮಣ್ಣಿನಡಿಯ ಎಳೆಗಳ ತುದಿ ಮುಟ್ಟುತ್ತದೆ. 2011ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದಂತೆ, ಬೇರೆ ಗಿಡಗಳಲ್ಲಿ ಹೂ ಬಿಡಿಸುವ ಪ್ರೋಟೀನಿನ ಹತ್ತಿರದ ನೆಂಟ ಇದು. ಸೆಕೆ ಹೆಚ್ಚಾದರೆ ಎಲೆಯಲ್ಲಿ ಈ ಸೂಚನೆಯೇ ಕುಗ್ಗುತ್ತದೆ. ಜೊತೆಗೆ ಬಿಸಿ ರಾತ್ರಿಯಲ್ಲಿ ಗಿಡ ಹಗಲಿನ ಗಳಿಕೆಯನ್ನು ಉಸಿರಾಟಕ್ಕೇ ಖರ್ಚು ಮಾಡಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ನೆಟ್ಟ ಗಿಡ ಮೇಲೆ ಹಸಿರಾಗಿ ತೊನೆದು, ಕೆಳಗೆ ಬರಿಗೈ ತೋರಿಸುವುದು ಇದಕ್ಕೇ.

ಹಾಸನ ಜಿಲ್ಲೆ ನಮ್ಮ ರಾಜ್ಯದ ಆಲೂಗಡ್ಡೆ ಸೀಮೆಯಾದದ್ದೂ ಈ ಲೆಕ್ಕದಿಂದಲೇ. ಉತ್ತರ ಭಾರತದ ಬಯಲಿನಲ್ಲಿ ಇದು ಚಳಿಗಾಲದ ಬೆಳೆ. ಹಾಸನದಲ್ಲಿ ಮುಂಗಾರಿನದು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ನೆಲ, ಮೋಡ ಕವಿದ ಹಗಲು, ಜಿಟಿಜಿಟಿ ಮಳೆ, ತಂಪು ರಾತ್ರಿ. ಮೇ, ಜೂನ್‌ನಲ್ಲಿ ಬಿತ್ತಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕೀಳುತ್ತಾರೆ. ಎಲೆ ಸುಡುವ ಅಂಗಮಾರಿ ರೋಗ ಮತ್ತು ಬಿತ್ತನೆ ಬೀಜದ ಬೆಲೆ ಸೇರಿ ರೈತರನ್ನು ಹೈರಾಣು ಮಾಡಿದ್ದರಿಂದ ಅಲ್ಲಿನ ಎಷ್ಟೋ ಹೊಲಗಳು ಈಗ ಮುಸುಕಿನ ಜೋಳಕ್ಕೂ ಶುಂಠಿಗೂ ತಿರುಗಿವೆ. ಅದು ಬೇರೆಯದೇ ಕಥೆ.

ಬೆಂಗಳೂರು ಕೂಡ ಹಾಸನದಷ್ಟೇ ಎತ್ತರದಲ್ಲಿದೆ. ಹಾಗಾಗಿ ಇಲ್ಲಿನ, ಮೈಸೂರಿನ, ಕೋಲಾರ, ಚಿಕ್ಕಬಳ್ಳಾಪುರದ ತಾರಸಿಗಳಿಗೆ ಎರಡು ಅವಕಾಶ. ಒಂದು ಮುಂಗಾರಿನ ಜೊತೆ, ಇನ್ನೊಂದು ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವೆ. ನನ್ನ ಮಾತು ಕೇಳುವುದಾದರೆ ಎರಡನೆಯದನ್ನೇ ಹಿಡಿಯಿರಿ. ಆಗ ರೋಗ ಕಡಿಮೆ, ಬಿಸಿಲು ಹದವಾಗಿರುತ್ತದೆ, ರಾತ್ರಿ 15ರಿಂದ 18 ಡಿಗ್ರಿಗೆ ಇಳಿಯುತ್ತದೆ, ನೀರು ನಿಮ್ಮ ಕೈಯಲ್ಲಿರುತ್ತದೆ. ಬೆಳಗಾವಿ, ಧಾರವಾಡದವರಿಗೂ ಇದೇ ಕಾಲ ಅನುಕೂಲ. ಕಲಬುರಗಿ, ರಾಯಚೂರು, ಬಳ್ಳಾರಿಯವರಿಗೆ ನವೆಂಬರ್‌ನಿಂದ ಜನವರಿವರೆಗಿನ ಇಕ್ಕಟ್ಟಾದ ಒಂದೇ ಕಿಂಡಿ. ಸಂಕ್ರಾಂತಿ ಕಳೆದು ಬಿಸಿಲೇರುವ ಹೊತ್ತಿಗೆ ಗಡ್ಡೆ ಬಲಿತಿರಬೇಕು. ಮಂಗಳೂರು, ಉಡುಪಿ, ಕಾರವಾರದ ಓದುಗರಿಗೆ ಹೇಳಲು ಬೇಸರವೇ. ಡಿಸೆಂಬರ್‌ನಲ್ಲೂ ರಾತ್ರಿ 20 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪವಾದ ಊರುಗಳಲ್ಲಿ ಆಲೂಗಡ್ಡೆಯ ಹಿಂದೆ ಬೀಳುವುದಕ್ಕಿಂತ ಗೆಣಸು, ಕೆಸು, ಸುವರ್ಣಗಡ್ಡೆ ಲೇಸು.

ಊರಿನ ಹವೆ ತಂಪಾಗಿದ್ದರೂ ತಾರಸಿಯ ಹವೆ ಹಾಗಿರಬೇಕೆಂದಿಲ್ಲ. ಮಧ್ಯಾಹ್ನ ಕಾದ ಕಾಂಕ್ರೀಟು ಸಂಜೆ ಬಹಳ ಹೊತ್ತು ಆರುವುದಿಲ್ಲ. ಹೊಲದ ಮಣ್ಣಿಗೆ ಬಿಸಿಲು ಮೇಲಿನಿಂದ ಮಾತ್ರ ತಟ್ಟಿದರೆ, ಚೀಲದ ಮಣ್ಣಿಗೆ ಮೇಲಿನಿಂದ, ನಾಲ್ಕೂ ಮಗ್ಗುಲಿನಿಂದ, ಕೆಳಗಿನಿಂದ ಬಿಸಿ. ಅದರಲ್ಲೂ ಅಂಗಡಿಯಲ್ಲಿ ಸಿಗುವ ಕಪ್ಪು ಗ್ರೋ ಬ್ಯಾಗ್ ಬಿಸಿಲನ್ನೆಲ್ಲ ಹೀರಿಕೊಳ್ಳುತ್ತದೆ. ಗಡ್ಡೆಗಳು ಇರುವುದೋ ಪಾತ್ರೆಯ ಅಂಚಿನ ಹತ್ತಿರವೇ. ಆದ್ದರಿಂದ ಚೀಲಗಳನ್ನು ನೇರ ನೆಲಕ್ಕೆ ಕೂರಿಸದೆ ಇಟ್ಟಿಗೆಯ ಮೇಲಿಡಿ, ಕೆಳಗೆ ಗಾಳಿಯಾಡಲಿ. ಒಂದಕ್ಕೊಂದು ಒತ್ತಾಗಿ ಜೋಡಿಸಿ, ಮಗ್ಗುಲುಗಳಿಗೆ ನೆರಳಾಗುತ್ತದೆ. ಪಡುವಣ ಬಿಸಿಲು ಬೀಳುವ ಕಡೆಗೆ ಹಳೆಯ ಗೋಣಿತಾಟು ಸುತ್ತಿ. ಎಲೆಗೆ ದಿನಕ್ಕೆ ಆರು ಗಂಟೆ ಬಿಸಿಲು ಬೇಕೇ ಬೇಕು, ಚೀಲದ ಮೈಗೆ ಬೇಡ. ಸಾಧ್ಯವಿದ್ದರೆ ಗೋಣಿಚೀಲವನ್ನೇ ಬಳಸಿ. ಒದ್ದೆ ಗೋಣಿಯಿಂದ ನೀರು ಆವಿಯಾಗುತ್ತ ಒಳಗಿನ ಮಣ್ಣು ತಣ್ಣಗಿರುತ್ತದೆ. ಒಂದು ಬೆಳೆ ಮುಗಿಯುವಷ್ಟರಲ್ಲಿ ಕುಂಬಾಗಿ ಹೋಗುತ್ತದೆ, ಹೋಗಲಿ. ಬಣ್ಣದ ಡಬ್ಬಿ ಎಂದು ಕರೆಯುವ ಇಪ್ಪತ್ತು ಲೀಟರಿನ ಬಿಳಿ ಪೇಂಟ್ ಬಕೆಟ್ ಕೂಡ ಆದೀತು. ಚೆನ್ನಾಗಿ ತೊಳೆದು, ತಳದಲ್ಲೂ ತಳಕ್ಕೆ ಹತ್ತಿರದ ಮಗ್ಗುಲಲ್ಲೂ ತೂತು ಕೊರೆದು, ಒಂದೇ ಗಿಡ ಹಾಕಿ. ನೆನೆದ ಮಣ್ಣಿನ ಬಕೆಟ್ 25 ಕಿಲೋ ಮೀರಬಹುದು. ಸಾಲಾಗಿ ಇಡುವ ಮುನ್ನ ತಾರಸಿಯ ತಾಕತ್ತನ್ನೂ ನೋಡಿಕೊಳ್ಳಿ.

ಇನ್ನು ಬೀಜ. ನೆಡುವುದು ಗಡ್ಡೆಯನ್ನೇ ಆದರೂ ರೈತರ ಬಾಯಲ್ಲಿ ಅದು ಬಿತ್ತನೆ ಬೀಜ. ಹಾಸನದ ಎಪಿಎಂಸಿ ಪ್ರಾಂಗಣಕ್ಕೆ ಬೇಸಿಗೆಯ ಕೊನೆಗೆ ಲೋಡುಗಟ್ಟಲೆ ಬೀಜ ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ. ಇಷ್ಟು ದೂರದಿಂದ ಏಕೆ? ಆಲೂಗಡ್ಡೆಯ ನಂಜು ರೋಗಗಳನ್ನು ಗಿಡಹೇನು ಹರಡುತ್ತದೆ. ಒಂದು ಸಲ ನಂಜು ಹತ್ತಿದ ಗಿಡದ ಗಡ್ಡೆಯನ್ನೇ ಮತ್ತೆ ಮತ್ತೆ ಬಿತ್ತುತ್ತ ಹೋದರೆ ಇಳುವರಿ ವರ್ಷದಿಂದ ವರ್ಷಕ್ಕೆ ಕುಸಿಯುತ್ತದೆ. ಪಂಜಾಬಿನ ಬಯಲಿನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ಕೊನೆಯವರೆಗೆ ಗಿಡಹೇನಿನ ಕಾಟ ಬಹಳ ಕಡಿಮೆ. ಅಷ್ಟರೊಳಗೆ ಬೀಜದ ಬೆಳೆ ಬೆಳೆದು, ಹೇನು ಹೆಚ್ಚುವ ಮುನ್ನ ಗಿಡದ ಸೊಪ್ಪನ್ನೆಲ್ಲ ಕೊಯ್ದುಹಾಕುವ ಪದ್ಧತಿಯನ್ನು ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ರೂಢಿಗೆ ತಂದಿತು. ಅಲ್ಲಿಯವರೆಗೆ ಬೆಟ್ಟಗಳಿಂದ ಬರಬೇಕಿದ್ದ ಬೀಜ ಬಯಲಿನಲ್ಲೇ ಸಿಗುವಂತಾಯಿತು. ಹಾಸನದಲ್ಲಿ ಹೆಚ್ಚು ಬೆಳೆಯುವ ಕುಫ್ರಿ ಜ್ಯೋತಿ ತಳಿಯೂ ಅದೇ ಸಂಸ್ಥೆಯದು, 1968ರದ್ದು. ಕುಫ್ರಿ ಎಂಬುದು ಶಿಮ್ಲಾ ಹತ್ತಿರದ ಬೆಟ್ಟದೂರು. ಅಂಗಮಾರಿಯನ್ನು ತಡೆಯುವ ಶಕ್ತಿಗಾಗಿ ಹೆಸರಾಗಿದ್ದ ಜ್ಯೋತಿ ಕಾಲ ಕಳೆದಂತೆ ಆ ಶಕ್ತಿಯನ್ನು ಕಳೆದುಕೊಂಡಿತು.

ಎರಡು ಚೀಲದ ತೋಟಕ್ಕೆ ಜಲಂಧರ್ ಬೀಜವನ್ನು ಎಲ್ಲಿ ಹುಡುಕುವುದು! ತರಕಾರಿ ಅಂಗಡಿಯ ಆಲೂಗಡ್ಡೆಯೇ ಹೆಚ್ಚಿನವರ ಪಾಲಿಗೆ ಗತಿ. ಆಗಬಹುದು, ಆದರೆ ಆರಿಸಿಕೊಳ್ಳಬೇಕು. ಸೆಪ್ಟೆಂಬರ್ ಹೊತ್ತಿಗೆ ಬರುವ ಹಾಸನದ ಹೊಸ ಆಲೂಗಡ್ಡೆ, ಸಿಪ್ಪೆ ಉಗುರಿಗೇ ಏಳುವಂಥದ್ದು, ಬೇಡ. ಕಿತ್ತ ಮೇಲೆ ಎರಡು, ಮೂರು ತಿಂಗಳು ಆಲೂಗಡ್ಡೆ ನಿದ್ದೆಯಲ್ಲಿರುತ್ತದೆ, ಏನು ಮಾಡಿದರೂ ಸುಲಭಕ್ಕೆ ಮೊಳೆಯುವುದಿಲ್ಲ. ತಿಂಗಳುಗಟ್ಟಲೆ ಶೀತಲಗೃಹದಲ್ಲಿದ್ದ ಹಳೆಯ ಮಾಲು ಈ ಕೆಲಸಕ್ಕೆ ವಾಸಿ. ಮೊಳಕೆ ತಡೆಯುವ ಔಷಧಿ ತಗುಲಿಸಿಕೊಂಡ ಆಲೂಗಡ್ಡೆಯೂ ಮಾರುಕಟ್ಟೆಯಲ್ಲಿರುತ್ತದೆ. ವಾರಗಟ್ಟಲೆ ಇಟ್ಟರೂ ಕಣ್ಣು ಬಿಡದಿದ್ದರೆ ಪಲ್ಯ ಮಾಡಿ ಮುಗಿಸಿ. ಮೈಸೂರು, ಬೆಂಗಳೂರಿನ ಮಾರುಕಟ್ಟೆಗೆ ಬರುವ ಊಟಿ ಆಲೂಗಡ್ಡೆ ತಿನ್ನಲು ಬಹಳ ರುಚಿ. ಅದನ್ನು ಮಾತ್ರ ನೆಡಬೇಡಿ. ನೀಲಗಿರಿಯ ಮಣ್ಣಿನಲ್ಲಿ ಆಲೂಗಡ್ಡೆಯ ಬೇರು ಹಿಂಡುವ ಚಿನ್ನದ ಬಣ್ಣದ ಸಿಸ್ಟ್ ನೆಮಟೋಡ್ ಇರುವುದು 1961ರಲ್ಲೇ ಪತ್ತೆಯಾಗಿದೆ. ಗಡ್ಡೆಗೆ ಮೆತ್ತಿದ ಚೂರು ಮಣ್ಣಿನಲ್ಲೂ ಅದರ ಕೋಶಗಳು ಬಂದುಬಿಡಬಹುದು, ವರ್ಷಗಟ್ಟಲೆ ಸಾಯದೆ ಕಾಯುತ್ತವೆ.

ಹಾಸನ ಕಡೆ ಸಂಬಂಧಿಕರೋ ಸ್ನೇಹಿತರೋ ಇದ್ದರೆ ಇನ್ನೊಂದು ದಾರಿಯಿದೆ. ಅಂಗಾಂಶ ಕೃಷಿಯಲ್ಲಿ ಬೆಳೆಸಿದ ತಾಯಿಗಿಡದ ಕುಡಿಗಳನ್ನು ಚಿವುಟಿ, ತೆಂಗಿನ ನಾರಿನ ಪುಡಿಯಲ್ಲಿ ಬೇರು ಬರಿಸಿ, ಟೊಮೆಟೊ ಸಸಿಯಂತೆ ಟ್ರೇಗಳಲ್ಲಿ ಕೊಡುವ ಕ್ರಮ ಈಚಿನ ವರ್ಷಗಳಲ್ಲಿ ಅಲ್ಲಿ ಶುರುವಾಗಿದೆ. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ ಸೋಮನಹಳ್ಳಿ ಕಾವಲಿನ ಕೇಂದ್ರ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ಜೊತೆಗೂಡಿ ಇದನ್ನು ರೈತರಿಗೆ ಮುಟ್ಟಿಸುತ್ತಿದೆ. ರೈತರು ತಮ್ಮ ಬೀಜವನ್ನು ತಾವೇ ಮಾಡಿಕೊಳ್ಳಲಿ ಎಂಬುದು ಮೂಲ ಆಶಯ. ರೋಗದ ಹಂಗಿಲ್ಲದ ಹತ್ತು ಸಸಿ ಸಿಕ್ಕರೆ ತಾರಸಿಯವರಿಗೂ ಅದಕ್ಕಿಂತ ಒಳ್ಳೆಯದಿಲ್ಲ.

ಗಡ್ಡೆಯನ್ನೇ ನೆಡುವವರು ಮೊದಲು ಅದನ್ನು ಮೊಳಕೆಗೆ ಕೂರಿಸಬೇಕು. ಕತ್ತಲಲ್ಲಿ ಬಂದ ಮೊಳಕೆ ಬೆಳ್ಳಗೆ, ಉದ್ದಕ್ಕೆ, ಮುಟ್ಟಿದರೆ ಮುರಿಯುವಂತಿರುತ್ತದೆ. ಬಿಸಿಲು ತಾಗದ, ಆದರೆ ಬೆಳಕಿರುವ ಕಿಟಕಿಯ ಬಳಿ ಮೊಟ್ಟೆಯ ಟ್ರೇಯಲ್ಲಿ ಎರಡು, ಮೂರು ವಾರ ಇಟ್ಟರೆ ಗಿಡ್ಡಗೆ, ದಪ್ಪಗೆ, ನೇರಳೆ ಛಾಯೆಯ ಮೊಳಕೆ ಬರುತ್ತದೆ. ನಮಗೆ ಬೇಕಾದದ್ದು ಇಂಥದ್ದು. ಕೋಳಿಮೊಟ್ಟೆ ಗಾತ್ರದ ಗಡ್ಡೆಯಾದರೆ ಇಡಿಯಾಗಿ ನೆಡಿ. ದೊಡ್ಡದನ್ನು ಹೋಳು ಮಾಡುವುದಾದರೆ ಹೋಳಿಗೆ ಎರಡಾದರೂ ಕಣ್ಣಿರಲಿ, ಚಾಕುವನ್ನು ಪ್ರತಿ ಗಡ್ಡೆಗೂ ಒರೆಸಿ ಶುಚಿ ಮಾಡಿಕೊಳ್ಳಿ, ಕತ್ತರಿಸಿದ ಮುಖ ನೆರಳಲ್ಲಿ ಎರಡು, ಮೂರು ದಿನ ಒಣಗಿ ಪೊರೆ ಕಟ್ಟಲಿ. ಹಸಿ ಹೋಳನ್ನು ಒದ್ದೆ ಮಣ್ಣಿಗೆ ಹಾಕಿದರೆ ಕೊಳೆಯುವುದೇ ಹೆಚ್ಚು.

ಮಣ್ಣಿನ ಬಗ್ಗೆ ಬಹಳ ಹೇಳುವುದಿಲ್ಲ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಸೇರಿಸಿದರೆ ಸಡಿಲವಾದ ಹದ ಸಿಗುತ್ತದೆ. ಚೀಲದ ಅರ್ಧಕ್ಕಿಂತ ಕಡಿಮೆ ತುಂಬಿ, ಗಡ್ಡೆಯಿಟ್ಟು, ಮೇಲೆ ನಾಲ್ಕು ಬೆರಳಿನಷ್ಟು ಮುಚ್ಚಿ. ಗಿಡ ಗೇಣುದ್ದ ಬಂದಾಗ ಉಳಿದ ಮಣ್ಣು ಏರಿಸಿ. ನಮ್ಮ ಮನೆಗಳಲ್ಲಿ ಕುಂಡಕ್ಕೆ ಒಲೆಯ ಬೂದಿ ಚೆಲ್ಲುವ ರೂಢಿಯಿದೆಯಲ್ಲ, ಆಲೂಗಡ್ಡೆಯ ವಿಷಯದಲ್ಲಿ ಕೈ ಬಿಗಿಹಿಡಿಯಿರಿ. ಇದಕ್ಕೆ ಕೊಂಚ ಹುಳಿ ಮಣ್ಣೇ ಇಷ್ಟ. ಬೂದಿ, ಸುಣ್ಣ ಹೆಚ್ಚಾದರೆ ಸಿಪ್ಪೆಯ ಮೇಲೆ ಕಜ್ಜಿಯಂಥ ಒರಟು ಕಲೆಗಳು ಏಳುತ್ತವೆ. ಹಿಂಡಿ, ಯೂರಿಯಾ ಅತಿಯಾಗಿ ಕೊಟ್ಟರೆ ಸೊಪ್ಪೇ ಬೆಳೆ.

ನೀರಿನದು ಹೆಚ್ಚು ಸೂಕ್ಷ್ಮ. ನೆಟ್ಟ ತಿಂಗಳಿನಿಂದ ಒಂದೂವರೆ ತಿಂಗಳೊಳಗೆ ಗಡ್ಡೆ ಕಟ್ಟಲು ಶುರುವಾಗುತ್ತದೆ. ಅಲ್ಲಿಂದ ಮುಂದೆ ಮಣ್ಣು ಒಂದು ದಿನ ಬಿರುಕುಬಿಟ್ಟು ಮರುದಿನ ಕೆಸರಾದರೆ ಗಡ್ಡೆ ಸೀಳುತ್ತದೆ, ಗಂಟು ಗಂಟಾಗುತ್ತದೆ, ನಡುವೆ ಟೊಳ್ಳಾಗುತ್ತದೆ. ಬೆರಳು ಇಳಿಸಿ ನೋಡಿ, ಎರಡನೆಯ ಗಿಣ್ಣಿನವರೆಗೆ ಒಣಗಿದ್ದರೆ ನೀರು ಕೊಡಿ, ಬೆಳಗ್ಗೆಯೇ ಕೊಡಿ, ಎಲೆಗೆ ಹಾಕಬೇಡಿ.

ಎಲೆ ಒದ್ದೆಯಾಗಬಾರದು ಎನ್ನುವುದಕ್ಕೆ ದೊಡ್ಡ ಚರಿತ್ರೆಯೇ ಇದೆ. ತಂಪು, ತೇವ, ಮೋಡ ಮೂರೂ ಸೇರಿದರೆ ಎಲೆಯ ಅಂಚಿನಲ್ಲಿ ನೀರು ತುಂಬಿದಂಥ ಕಂದು ಮಚ್ಚೆ ಕಾಣಿಸಿಕೊಂಡು, ಅಡಿಯಲ್ಲಿ ಬಿಳಿ ಬೂಸ್ಟು ಹಿಡಿದು, ಕೆಲವೇ ದಿನದಲ್ಲಿ ಗಿಡ ಸುಟ್ಟಂತಾಗುತ್ತದೆ. ಇದೇ ಅಂಗಮಾರಿ. 1845ರಿಂದ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ಬಲಿತೆಗೆದುಕೊಂಡ ಕ್ಷಾಮ ಶುರುವಾದದ್ದು ಇದರಿಂದ. ಇದನ್ನು ತರುವ ಫೈಟೋಫ್ತೋರಾ ಮಲೆನಾಡಿಗರಿಗೆ ಹೊಸಬನೇನಲ್ಲ. ಅಡಿಕೆಯ ಕೊಳೆರೋಗ ತರುವುದು ಅದೇ ಕುಲದ ದಾಯಾದಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ ಅಡಿಕೆ ತೋಟಗಳಿಗೆ ಹೇಳಿಕೊಟ್ಟ ಬೋರ್ಡೋ ದ್ರಾವಣವೇ ಆಲೂಗಡ್ಡೆಗೂ ಮದ್ದು. ಒಂದು ಲೀಟರ್ ದ್ರಾವಣಕ್ಕೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ. ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಅರ್ಧರ್ಧ ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ರೋಗ ಬರುವ ಮುಂಚೆ ಹೊಡೆದರಷ್ಟೇ ಫಲ. ಮುಂಗಾರಿನಲ್ಲಿ ಬೆಳೆಯುವ ಹಟವಿರುವವರು ಚೀಲಗಳನ್ನು ಸಜ್ಜಾದ ಕೆಳಗೆ ಸರಿಸಿ ಮಳೆನೀರು ಎಲೆಗೆ ತಾಕದಂತೆ ನೋಡಿಕೊಂಡರೆ ಅರ್ಧ ಯುದ್ಧ ಗೆದ್ದಂತೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಒಂದು ಎಚ್ಚರಿಕೆ. ಹೂವು ಉದುರಿದ ಮೇಲೆ ಒಮ್ಮೊಮ್ಮೆ ಎಳೆ ಟೊಮೆಟೊದಂಥ ಹಸಿರು ಕಾಯಿ ಬಿಡುತ್ತದೆ. ಅದು ವಿಷ. ಬೆಳಕು ತಾಗಿ ಹಸಿರಾದ ಗಡ್ಡೆಯಲ್ಲೂ ಸೊಲನೈನ್ ಎಂಬ ಅದೇ ಜಾತಿಯ ವಿಷವಿರುತ್ತದೆ, ಬೇಯಿಸಿದರೆ ಹೋಗುವುದಿಲ್ಲ. ಸ್ವಲ್ಪವೇ ಹಸಿರಿದ್ದರೆ ದಪ್ಪಗೆ ಕೆತ್ತಿ ತೆಗೆಯಿರಿ. ಕಹಿ ಹತ್ತಿದರೆ ಎಸೆಯಿರಿ.

ಕುಫ್ರಿ ಜ್ಯೋತಿ ಪೂರ್ತಿ ಬಲಿಯಲು ಮೂರು, ಮೂರೂವರೆ ತಿಂಗಳು. ಎಲೆ ಹಳದಿಯಾಗಿ ಗಿಡ ಒರಗಿದಾಗ ನೀರು ನಿಲ್ಲಿಸಿ, ಹತ್ತು ದಿನ ಬಿಟ್ಟು ಚೀಲ ಮಗುಚಿ. ತೊಳೆಯದೆ ಕತ್ತಲ ಕೋಣೆಯಲ್ಲಿ ಹರಡಿಟ್ಟರೆ ಸಿಪ್ಪೆ ಗಟ್ಟಿಯಾಗಿ ಬಾಳಿಕೆ ಬರುತ್ತದೆ. ಆದರೆ ಇಷ್ಟೆಲ್ಲ ಪಟ್ಟ ಮೇಲೆ ಕಾದು ಕೂರುವುದೇ ದಡ್ಡತನ ಎಂದು ನನ್ನ ಅಭಿಪ್ರಾಯ. ಹಣದ ಲೆಕ್ಕ ಹಾಕಿದರೆ ಎರೆಗೊಬ್ಬರಕ್ಕೆ ಕೊಟ್ಟ ದುಡ್ಡಿಗೇ ಅಂಗಡಿಯಲ್ಲಿ ಇದಕ್ಕಿಂತ ಹೆಚ್ಚು ಆಲೂಗಡ್ಡೆ ಬರುತ್ತದೆ. ಅಂಗಡಿಯಲ್ಲಿ ಸಿಗದ್ದು ಎಳೆಯ ಗಡ್ಡೆ. ಎಪ್ಪತ್ತು ದಿನ ದಾಟಿದ ಮೇಲೆ ಚೀಲದ ಮಗ್ಗುಲಿಗೆ ಕೈಹಾಕಿ, ಗಿಡಕ್ಕೆ ತಿಳಿಯದಂತೆ ನಾಲ್ಕೈದು ಕಿತ್ತು, ಸಿಪ್ಪೆಸಮೇತ ಬೇಯಿಸಿ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿಯ ಒಗ್ಗರಣೆಯಲ್ಲಿ ಹೊರಳಿಸಿ ನೋಡಿ. ಮಾರುಕಟ್ಟೆಯ ದೂರ ತಾಳಿಕೊಳ್ಳುವ ಗಡ್ಡೆಗೆ ಆ ರುಚಿ ಇರುವುದಿಲ್ಲ.

ಕೊನೆಯದಾಗಿ, ಚೀಲದ ಮಣ್ಣನ್ನು ಎಸೆಯಬೇಡಿ, ಆದರೆ ಅದಕ್ಕೆ ಟೊಮೆಟೊ, ಬದನೆ, ಮೆಣಸಿನ ಸಸಿಯನ್ನೂ ನೆಡಬೇಡಿ. ಎಲ್ಲವೂ ಒಂದೇ ಕುಟುಂಬದವು, ದುಂಡಾಣು ಸೊರಗು ರೋಗ ಮಣ್ಣಿನಲ್ಲೇ ಕುಳಿತು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಮೊದಲು ಹುರುಳಿಕಾಯಿ ಹಾಕಿ, ಆಮೇಲೆ ಮೆಂತ್ಯ, ಕೊತ್ತಂಬರಿ ಚೆಲ್ಲಿ. ಅದೇ ಮಣ್ಣಿಗೆ ಮತ್ತೆ ಆಲೂಗಡ್ಡೆ ಎರಡು, ಮೂರು ವರ್ಷ ಬಿಟ್ಟೇ ಬರಲಿ.